ನಡುವಿನ ದನಿ

ಸಂಗೀತದ ಲೆಕ್ಕ ನನಗೆ ಗೊತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಮೂವತ್ತೊಂದು ವರ್ಷ ವೇಲ್ಸಿನ ಸ್ಲೇಟುಗಣಿಗೆ ಬಸ್ಸು ಓಡಿಸಿದವನು.
ಏರಿನಲ್ಲಿ ಎಂಜಿನ್ ಏದುಸಿರು ಬಿಡುವುದು ಗೊತ್ತು,
ಕಲ್ಲು ಸೀಳುವ ಮುನ್ನ ಉಳಿಯಡಿ ಏಳುವ ಸಣ್ಣ ಟಿಣ್ ಗೊತ್ತು.
ಭಾನುವಾರ ಚಾಪೆಲಿನಲ್ಲಿ ಬೇಸ್ ಸಾಲಿನ ತುದಿಗೆ ನಿಂತು
ಕಾಲಡಿಯ ಹಲಗೆಯ ಹಾಗೆ ಹಾಡುತ್ತಿದ್ದೆ, ಅಷ್ಟೆ.

ಟೆಗ್ವೆನ್ ಆಲ್ಟೊ.
ಮದುವೆಯಾದ ಹೊಸತರಲ್ಲಿ ಕೆಣಕಿದ್ದೆ:
"ಅಲ್ಲ ಕಣೇ, ಪಾತ್ರೆ ತೊಳೆಯುವಾಗಲೂ ಅದನ್ನೇ ಗುನುಗುತ್ತೀ,
ರಾಗವೇ ಇಲ್ಲದ್ದು ಅದೆಂಥ ಹಾಡು?"
ನೊರೆಗೈಯಿಂದ ಕೂದಲು ಸರಿಸಿಕೊಂಡು ಅಂದಳು:
"ರಾಗ ನನ್ನ ತಂಗಿಯದು.
ನನ್ನದು ಕೋಟಿನ ಒಳಗಿನ ಅಸ್ತರು."

ಈ ಅಕ್ಟೋಬರಿನ ಸಂಜೆ, ಅದೇ ಚಾಪೆಲು.
ಔಷಧಿ ಅಂಗಡಿ ಇದ್ವಾಲನ ಮಗಳು ಹೆಲೆದ್
ನಮ್ಮ ಹಳೆಯ ಸ್ತೋತ್ರವೊಂದನ್ನು ನಾಲ್ಕು ತಂತಿವಾದ್ಯಕ್ಕೆ ಒಗ್ಗಿಸಿದ್ದಾಳಂತೆ.
ಗೋಡೆಯ ಹಲಗೆಗೆ ಹಾಡಿನ ಸಂಖ್ಯೆ ಸಿಕ್ಕಿಸಿರಲಿಲ್ಲ;
ಆದರೂ ಸಾಲುಸಾಲು ಕೈಗಳು ಅಭ್ಯಾಸಬಲದಿಂದ
ಪುಸ್ತಕಕ್ಕೆ ತಡಕಿ, ನಾಚಿ, ಮಡಿಲಿಗೆ ಮರಳಿದವು.

ಮೊದಲ ಚರಣ ಎಲ್ಲರಿಗೂ ಗೊತ್ತಿದ್ದಂತೆಯೇ ನಡೆಯಿತು:
ಪಿಟೀಲು ರಾಗ ಹಿಡಿದು ಮುಂದೆ, ಉಳಿದವು ಹಿಂದೆ.
ಎದುರಿನ ಬೆಂಚಿನಲ್ಲಿ ನಾದಿನಿ ಮೊರ್ವಿದ್
ಬರೀ ತುಟಿಯಲ್ಲಿ ಪದ ತುಂಬುತ್ತಿದ್ದಳು.
ಎಲ್ಲಿ ಕೃಪೆ ಬರುತ್ತದೆ, ಎಲ್ಲಿ ಬೆಳಗು,
ಯಾರೂ ಹಾಡದಿದ್ದರೂ ಬಾಯಿಗೆ ಗೊತ್ತು.
ಎರಡನೆಯದರಲ್ಲಿ ಚೆಲ್ಲೊ ನನ್ನ ಸಾಲನ್ನು
ನನಗಿಂತ ಚೆನ್ನಾಗಿ ಹಾಡಿತು. ಹೊಟ್ಟೆಕಿಚ್ಚೇನಿಲ್ಲ.
ಸ್ವಲ್ಪ.

ಮೂರನೆಯದಕ್ಕೆ ಎರಡೂ ಪಿಟೀಲು ಮಡಿಲಿಗಿಳಿದವು,
ಚೆಲ್ಲೊದ ಬಿಲ್ಲು ಗಾಳಿಯಲ್ಲೇ ನಿಂತಿತು.
ಉಳಿದದ್ದು ವಯೋಲಾ ಒಂದೇ.

ಒಂದೇ ಸ್ವರದ ಮೇಲೆ ಏಳು ಎಣಿಕೆ ನಿಂತಿತು,
ಅರ್ಧ ಮೆಟ್ಟಿಲು ಇಳಿಯಿತು, ಏನೋ ಮರೆತವರಂತೆ ಮತ್ತೆ ಹತ್ತಿತು,
ಹೊಸ್ತಿಲಿಗೆ ಬಂದು, ಹನಿ ಬಿತ್ತೇ ಎಂದು ಕೈ ಚಾಚಿ,
ಒಳಗೆ ಹೋಗಿ, ಮತ್ತೆ ಬಂದು...
ಅರೆ, ಇದು ನಮ್ಮ ಅಡುಗೆಮನೆ!
ಇದು ನಲವತ್ತು ವರ್ಷ ನನ್ನ ಬೆನ್ನ ಹಿಂದೆ ನಡೆದದ್ದು.
ಕೋಟನ್ನು ಒಳಹೊರಗು ಮಾಡಿ ದೀಪಕ್ಕೆ ಹಿಡಿದಿದ್ದರು.
ಯಾರೂ ನೋಡದ ಕಡೆ
ಇಷ್ಟು ಸಣ್ಣ, ಇಷ್ಟು ಸಮನಾದ ಹೊಲಿಗೆ.

ಮೊರ್ವಿದಳ ತುಟಿ ನಿಂತಿತ್ತು.
ಅವಳಿಗೆ ಇಲ್ಲಿ ಹಾಡಲು ಏನೂ ಇರಲಿಲ್ಲ.

ಟೆಗ್ವೆನ್ ಗಂಟಲು ಕೊಯ್ಸಿಕೊಂಡು ಮೂರು ಚಳಿಗಾಲವಾಯಿತು;
ಈಗವಳ ಮಾತು ಕಾಗದ ಉಜ್ಜಿದಷ್ಟು.
ಮುಖ ನೋಡುವ ಧೈರ್ಯ ಸಾಲದೆ ಅವಳ ಮೊಣಕಾಲು ನೋಡಿದೆ:
ಬೆರಳು ಎಣಿಸುತ್ತಿತ್ತು, ಐದು, ಆರು,
ಏಳಕ್ಕೆ ಇಳಿಯಲು ತಯಾರಾಗಿ.

ಕೊನೆಯ ಚರಣಕ್ಕೆ ನಾಲ್ವರೂ ಸೇರಿದರು, ಜೋರಾಗಿ, ಚೆನ್ನಾಗಿಯೇ.
ಯಾರೋ ಕಣ್ಣೊರೆಸಿಕೊಂಡರು, ಯಾರೋ ಚಹಾಕ್ಕೆ ಎದ್ದರು.
ಹೆಲೆದಳನ್ನು ಹೊಗಳಲು ಹೋದೆ, ನಾಲಿಗೆ ಹೊರಳದೆ
"ಹೀಟರು ಚೆನ್ನಾಗಿ ಕೆಲಸ ಮಾಡಿತು" ಎಂದು ಬಂದೆ.

ಹೊರಗೆ ಬಂದ ಮೇಲೆ ಟೆಗ್ವೆನ್ ಕಿವಿಗೆ ಬಾಗಿ:
"ನಾಲ್ಕನೆಯ ಸಾಲಲ್ಲಿ ಉಸಿರು ತೆಗೆದುಕೊಳ್ಳಬೇಕಿತ್ತು.
ಪಾಪ, ತಂತಿಗೆ ಯಾರು ಹೇಳಿಕೊಡಬೇಕು."

ಇಳಿಜಾರಿನಲ್ಲಿ, ವೈಪರಿನ ತಾಳಕ್ಕೆ, ನಾನೇ ಗುನುಗತೊಡಗಿದೆ.
ಬೇಸ್ ಅಲ್ಲ, ರಾಗವೂ ಅಲ್ಲ. ಅವಳದು.
ತಿರುವು ಬರುವ ಮೊದಲೇ ತಪ್ಪಿದೆ.
ಗೇರಿನ ಮೇಲಿದ್ದ ನನ್ನ ಕೈಗೆ ಬೆರಳೂರಿ
ಅವಳು ಅರ್ಧ ಮೆಟ್ಟಿಲು ಇಳಿಸಿದಳು.