ಒಂದು ತಾಸು ನಲವತ್ತೆರಡನೇ ನಿಮಿಷ

ರೈಲ್ವೆ ಗೇಟು ದಾಟಿದರೆ ಭಾಗ್ಯನಗರ.
ಅಲ್ಲಿ ಗಾಳಿಗೂ ಕೂದಲಿದೆ.
ಯಾವ ಊರಿನ ತಲೆಯೋ, ಯಾರ ಹರಕೆಯೋ,
ಮೂಟೆಯಲ್ಲಿ ಬಂದು, ಗಂಟು ಬಿಚ್ಚಿಸಿಕೊಂಡು,
ಅಳತೆಯಾಗಿ ಕಟ್ಟಾಗಿ ಮತ್ತೆಲ್ಲಿಗೋ ಹೋಗುತ್ತದೆ.
ಹೋಗದೆ ಉಳಿದದ್ದು
ಅಂಬಾಸಾನ ಶೆಡ್ಡಿನಲ್ಲಿ, ಟೀವಿಯ ಕೆಳಗಿನ
ಕರಿ ಪೆಟ್ಟಿಗೆಯ ಫ್ಯಾನಿಗೆ ಸುತ್ತಿತ್ತು.

"ಮನ್ಯಾಗಿಂದರಿ ಅದು. ಹೊಸಾ ಟೀವಿ ಬಂತು,
ಇದನ್ನ ಇವರಿಗೆ ಹಾಕಿಕೊಟ್ಟೆ.
ಸಿನಿಮಾ ಹತ್ತಿದ್ರ ಕೈ ಓಡತಾವು.
ನಾಕು ದಿನ ಆತು, ಕರ್ರಗ ಕುಂತೈತಿ."
ಹನ್ನೊಂದು ಹೆಂಗಸರು ತಲೆ ಎತ್ತಲಿಲ್ಲ,
ಕಿವಿ ಎತ್ತಿದರು.

ಮೊದಲು ಕೇಳಬೇಕು, ಆಮೇಲೆ ಬಿಚ್ಚಬೇಕು;
ಉಸ್ತಾದ ಖಾಜಾಹುಸೇನಿ ಕಲಿಸಿದ್ದು ಇಷ್ಟೇ.
ಬೀಪ್ ಎಷ್ಟು ಸಲ? ದೀಪ ಯಾವ ಬಣ್ಣ?
ಕಡೆಗೆ ಮುಟ್ಟಿದವರು ಯಾರು?
(ಈ ಪ್ರಶ್ನೆಗೆ ಇಡೀ ಜಿಲ್ಲೆಯಲ್ಲಿ
ಒಂದೇ ಉತ್ತರ: ಯಾರೂ ಇಲ್ಲ.)

ಮೂರು ಬೀಪ್.
ರ‍್ಯಾಮ್ ಕಿತ್ತು, ಅಂಬಾಸಾನ ಮೊಮ್ಮಗನ ರಬ್ಬರಿನಿಂದ
ಅದರ ಬಂಗಾರದ ಹಲ್ಲು ತಿಕ್ಕಿ ಕೂಡಿಸಿದೆ.
ಬೀಪ್ ಒಂದಾಯಿತು. ಪರದೆ ಕರ್ರಗೇ.
ಕೇಬಲ್ಲು ಬದಲಿಸಿದೆ. ತಿರುವಿ ಹಾಕಿದೆ. ಬೆವರಿದೆ.
ಅರ್ಧ ತಾಸಿನ ಮೇಲೆ ದುರಗವ್ವ
ಗಂಟಿನಿಂದ ಕಣ್ಣು ತೆಗೆಯದೆ,
"ರಿಮೋಟಿನಾಗ ಎರಡನೇದು ಒತ್ತರಿ.
ಮೊನ್ನೆ ಡಿಶ್ಶಿನಾಂವ ಬಂದಿದ್ದ" ಅಂದಳು.
ಒತ್ತಿದೆ. ಬಂತು ಬೆಳಕು.
ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟ.

ಬೆಳಕಿನಲ್ಲಿ ಒಂದು ಬಿಳಿ ಗೆರೆ, ಮಿಟುಕುತ್ತ.
ಹಿಂದೆ ಯಾರೋ ಪೆನ್‌ಡ್ರೈವ್ ಸಿಗಿಸಿ ಮರೆತಿದ್ದರು;
ತನ್ನ ಮನೆ ಪಕ್ಕದಲ್ಲೇ ಇರಲು
ಪೆಟ್ಟಿಗೆ ಆ ಖಾಲಿ ಮನೆಯ ಬಾಗಿಲು ಬಡಿಯುತ್ತಿತ್ತು.
ಕಿತ್ತೆ. ಎದ್ದಿತು.
ನಾಕು ನಿಮಿಷಕ್ಕೆ ಕಾದು ಕೆಂಡವಾಗಿ ಸತ್ತಿತು.

ಆಗ ಫ್ಯಾನು. ನಾನು ಕತ್ತರಿ ತೆಗೆದೆ.
ದುರಗವ್ವ ಕೈ ಹಿಡಿದಳು:
"ಕತ್ತರಸ್ತಾರೇನ್ರಿ ಇದನ್ನ? ಹತ್ತು ಇಂಚ ಐತಿ."
ದಬ್ಬಣದ ತುದಿಯಿಂದ ಒಂದೊಂದೇ ಎಳೆ ಬಿಡಿಸಿ
ತೊಡೆಯ ಮೇಲೆ ಸಾಲಿಟ್ಟು
ಬುಟ್ಟಿಗೆ ಹಾಕಿದಳು, ತೂಕಕ್ಕೆ.

ಉಳಿದದ್ದು ಡಿಸ್ಕು. ಲೊಚಗುಟ್ಟುತ್ತಿತ್ತು.
ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಖರೆ,
ಡಿಸ್ಕು ಲೊಚಗುಟ್ಟಿದರೆ ದಿನ ಎಣಿಸಬೇಕು.
"ಎಲ್ಲಾ ಉಳಿಯೂದಿಲ್ಲ. ಯಾವುದು ಮೊದಲು ತೆಗೀಲಿ?"
ಅಂಬಾಸಾ ಜಿಎಸ್‌ಟಿ ಫೋಲ್ಡರ್ ಅಂದ.
ಹನ್ನೊಂದು ಬಾಯಿ ಒಟ್ಟಿಗೆ ಒಂದು ಸಿನಿಮಾ ಅಂದವು.

ಹೇಳುವಂಥ ಸಿನಿಮಾ ಅಲ್ಲ. ಆದರೆ
ಒಂದು ತಾಸು ನಲವತ್ತೆರಡನೇ ನಿಮಿಷಕ್ಕೆ
ನಾಯಕಿ ಬಾವಿಕಟ್ಟೆಗೆ ಕಾಲಿಟ್ಟು ತಿರುಗಿ ನೋಡುವಾಗ
ಮುಖ ಚೌಕಳಿ ಸೀರೆಯಾಗಿ ನಿಂತುಬಿಡುತ್ತಿತ್ತು.
ಒಂದು ವರ್ಷ. ಅಲ್ಲಿಂದ ಮುಂದಿನದನ್ನು
ಗಂಟು ಬಿಡಿಸುತ್ತ ಇವರೇ ಹೇಳಿಕೊಂಡಿದ್ದರು.
ರೇಣವ್ವನ ಕತೆಯಲ್ಲಿ ಆಕೆ ಕೊಡ ತುಂಬಿ
ಸುಮ್ಮನೆ ಮನೆಗೆ ಹೋಗುತ್ತಾಳೆ.
ಶಮೀಮಳ ಕತೆಯಲ್ಲಿ ಬಾವಿಯೊಳಗೆ ಮೆಟ್ಟಿಲು,
ಮೆಟ್ಟಿಲ ಕೆಳಗೆ ಹುಲಿಗಿ ಬಸ್ಸು.
ದುರಗವ್ವನ ಕತೆಯಲ್ಲಿ ಬೀಳುವುದು ಗಂಡ,
ಅದೂ ಸೋಮವಾರ ಒಂದು ರೀತಿ,
ಪಗಾರದ ದಿನ ಇನ್ನೊಂದು.

ರಾತ್ರಿ ಗಡಿಯಾರ ಕಂಬದ ಸಂದಿಯ ಅಂಗಡಿಯಲ್ಲಿ
ಡಿಸ್ಕಿಗೆ ಗಾಳಿ ಹಾಕುತ್ತ ಕೂತೆ.
ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ,
ಮತ್ತೆ ಹಿಂದೆ ಬಂದು, ಬೈದು, ಬೇಡಿ,
ಹನ್ನೆರಡನೇ ಸಲಕ್ಕೆ ಓದಿಸಿದೆ.
ಜಿಎಸ್‌ಟಿ ಬರಲಿಲ್ಲ.

ಮರುದಿನ ಹಾಕಿದೆ.
ತಿರುಗಿದ ಮುಖ ಮುಖವಾಗಿಯೇ ಉಳಿಯಿತು.
ಆಕೆ ಅತ್ತಳು. ನಾಯಕ ಬಂದ.
ಕ್ಷಮೆ ಕೇಳಿದವಳು ಆಕೆ. ಮುಗಿಯಿತು.
ಶೆಡ್ಡಿನಲ್ಲಿ ಬಾಚುವ ಮೊಳೆಗಳ ಸದ್ದಿಲ್ಲ,
ತೊಳೆದ ಫ್ಯಾನು ತಿರುಗುವುದು ಕೇಳುತ್ತಿತ್ತು.

"ಇಷ್ಟ ಏನು?" ಅಂದಳು ರೇಣವ್ವ.
ದುರಗವ್ವ ಈಗ ಕಣ್ಣೆತ್ತಿದಳು, ನನ್ನ ಕಡೆ:
"ಮೊದಲಿನ ಹಂಗ ಅಲ್ಲೇ ನಿಂದ್ರೂ ಹಂಗ
ಮಾಡಾಕ ಬರತೈತೇನ್ರಿ?"

ಬರುತ್ತದೆ. ಎರಡು ನಿಮಿಷದ ಕೆಲಸ.
ಬಿಲ್ಲಿನಲ್ಲಿ ಏನಂತ ಬರೆಯಲಿ?

ವಾಪಸು ಬರುವಾಗ ಗೇಟು ಬಿದ್ದಿತ್ತು.
ಗೂಡ್ಸು ಗಾಡಿ ಮುಗಿಯುವ ತನಕ
ಸ್ಕ್ರೂಡ್ರೈವರಿಗೆ ಸುತ್ತಿಕೊಂಡು ಬಂದ ಒಂದೆಳೆಯನ್ನು
ಬಿಡಿಸುತ್ತ ನಿಂತೆ,
ಕತ್ತರಿಸದೆ.