ಲೀಟರಿಗೆ ಮೂವತ್ತೈದು ಗ್ರಾಂ

ಕಡಲಿಗೆ ಹೋಗಬೇಕಿದ್ದ ಕಾವೇರಿಯನ್ನು
ತೊರೆಕಾಡನಹಳ್ಳಿಯಲ್ಲೇ ತಡೆದು, ಪಂಪು ಹಾಕಿ ದಿಬ್ಬ ಹತ್ತಿಸಿ
ದಿನ ಬಿಟ್ಟು ದಿನ ಶಿವಾಜಿನಗರದ ನಲ್ಲಿಗೆ ಬಿಡುತ್ತಾರೆ.
ನಾನು ಅದಕ್ಕೆ ಉಪ್ಪು ಬೆರೆಸುತ್ತೇನೆ,
ಲೀಟರಿಗೆ ಮೂವತ್ತೈದು ಗ್ರಾಂ, ತಕ್ಕಡಿ ನೋಡಿ.
ಕೋಲು ಹಾಕಿ ತಿರುವಿ ಒಂದು ರಾತ್ರಿ ಬಿಟ್ಟರೆ
ನೀಲಿ ಡ್ರಮ್ಮಿನಲ್ಲಿ ಕಡಲು ರೆಡಿ.
ನಾನು ಕಡಲು ಕಂಡಿಲ್ಲ. ರುಚಿ ಗೊತ್ತು.

ಇಲಿಯಾಸ್ ಭಾಯ್ ಅಂಗಡಿಯಲ್ಲಿ, ಕೆಳಗಿನ ಸಾಲಿನ ಮೂಲೆ ತೊಟ್ಟಿಯಲ್ಲಿ
ಆರು ಪಟ್ಟೆಮೀನು, ಕಿರುಬೆರಳಿನಷ್ಟು.
ಮೂತಿಯಿಂದ ಬಾಲದವರೆಗೆ ಕಂದು ಗೆರೆ,
ಕಾಪಿ ಪುಸ್ತಕದ ಹಾಳೆ ಹರಿದು ಈಜಲು ಬಿಟ್ಟ ಹಾಗೆ.
ಬಾಲದ ಬುಡದಲ್ಲಿ ಒಂದು ಚುಕ್ಕಿ:
ವಾಕ್ಯ ಬರೆಯುವ ಮೊದಲೇ ಇಟ್ಟ ಪೂರ್ಣವಿರಾಮ.
ಬಣ್ಣದ ಮೀನು ಕೇಳಿ ಬರುವವರು ಇವನ್ನು ನೋಡುವುದಿಲ್ಲ.
ರೇಟಿನ ಚೀಟಿ ಎರಡು ಸಲ ಒದ್ದೆಯಾಗಿ ಬಿತ್ತು, ಮತ್ತೆ ಅಂಟಿಸಲಿಲ್ಲ.

ಅವುಗಳಲ್ಲೊಂದು ಗಂಡು ಊಟ ಬಿಟ್ಟಿತು.
ಗಲ್ಲ ಊದಿತ್ತು.
ವೈಟ್‌ಫೀಲ್ಡಿನಿಂದ ಬಂದ ಮೇಡಂ "ಕಾಯಿಲೆನಾ?" ಅಂದರು.
"ಕಾಯಿಲೆ ಅಲ್ಲ, ರೋಜಾನೂ ಅಲ್ಲ," ಅಂದರು ಭಾಯ್,
"ಬಾಯಲ್ಲಿ ಸಂಸಾರ ಇಟ್ಕೊಂಡವ್ನೆ."

ಹೆಣ್ಣು ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೋಗುತ್ತದೆ.
ಇದು ಬಾಯಲ್ಲಿ ಹೊತ್ತುಕೊಂಡು
ಆಗಾಗ ತುಸು ತೆರೆದು, ಹೊರಳಿಸಿ, ಮುಚ್ಚುತ್ತದೆ,
ಮಾತು ನಾಲಿಗೆ ತುದಿಗೆ ಬಂದು ಬೇಡವೆನಿಸಿದವರ ಹಾಗೆ.
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಅನ್ನುತ್ತಿದ್ದಳು ನಮ್ಮಜ್ಜಿ.
ಎರಡೂ ಒಂದೇ ಬಾಯಲ್ಲಿರುವುದು ಅವಳಿಗೆ ಗೊತ್ತಿರಲಿಲ್ಲ.

ಐದನೇ ರಾತ್ರಿ ಬ್ರಾಡ್‌ವೇ ರಸ್ತೆಯ ಟ್ರಾನ್ಸ್‌ಫಾರ್ಮರ್ ಢಮ್ ಅಂದಿತು.
ಪಂಪುಗಳೆಲ್ಲ ನಿಂತವು.
ಅಂಗಡಿ ಇಷ್ಟು ಸದ್ದಿಲ್ಲದೆ ಇರಬಲ್ಲದೆಂದು ಆಗಲೇ ತಿಳಿದದ್ದು.
ಇಬ್ಬರೂ ಸ್ಟೀಲ್ ಲೋಟ ಹಿಡಿದು
ನೀರೆತ್ತಿ ಮೇಲಿಂದ ಸುರಿದೆವು, ಎತ್ತಿ ಸುರಿದೆವು,
ಚಹಾ ಆರಿಸುವವರ ಹಾಗೆ, ಬೆಳಗಿನ ಅಜಾನಿನವರೆಗೆ.
ಮೊಬೈಲ್ ಬೆಳಕಿನಲ್ಲಿ ಅದು ಮೇಲೆ ಬಂದು ತೇಕುತ್ತಿತ್ತು.
ಆದರೂ ಉಗುಳಲಿಲ್ಲ.
"ಲೇ, ಮೊದ್ಲು ನಿನ್ನ ಉಸಿರು ನೋಡ್ಕೋ," ಅಂದರು ಭಾಯ್,
ಮೂರು ಹೆಣ್ಣುಮಕ್ಕಳ ಅಪ್ಪ.

ಎಂಟನೇ ರಾತ್ರಿ ಬಾಯಿ ತೆರೆಯಿತು.
ಬಿಸಿಲಕೋಲಿನ ಧೂಳಿನಂಥ ಮರಿಗಳು. ಕಣ್ಣು ಮಾತ್ರ ಇದ್ದವು,
ಉಳಿದ ಮೈ ಇನ್ನೂ ನೀರೇ.
ಫಿಲ್ಟರ್ ಆರಿಸಿ ಕೂತೆವು.
ಬೆಳಗಿಗೆ ಒಂದೂ ಇರಲಿಲ್ಲ.
ಯಾರು ತಿಂದರೋ, ಎಲ್ಲಿ ಕರಗಿದವೋ.
ನಾನು ಉಪ್ಪು ಮತ್ತೆ ತೂಗಿ ನೋಡಿದೆ. ಸರಿಯಾಗಿಯೇ ಇತ್ತು.

ಅದಕ್ಕೆ ಹಸಿವಾಗಿತ್ತು.
ನನ್ನ ಬೆರಳ ತುದಿಯಿಂದಲೇ ಸೀಗಡಿ ಚೂರು ಕಿತ್ತುಕೊಂಡಿತು.
ಬಾಯಿ ಇಷ್ಟು ಚಿಕ್ಕದಿತ್ತೇ ಅನ್ನಿಸಿತು.

ನಾಳೆ ನೀರು ಬಿಡುವ ದಿನ. ಡ್ರಮ್ಮು ತೊಳೆಯಬೇಕು.