ಹನ್ನೊಂದು ನಿಮಿಷ ಹಿಂದೆ

ರಾತ್ರಿ ಎರಡು ಹತ್ತು. ಶಿವಮೊಗ್ಗದ ಈ ಕೋಣೆಯಲ್ಲಿ
ನಾನು, ಫ್ಯಾನು, ಒಂದು ಸರ್ವರ್.
ಹೊಳೆಯ ಮಾಪಕಗಳು ಕಾಲುಗಂಟೆಗೊಮ್ಮೆ ಬಾಗಿಲು ತಟ್ಟುತ್ತವೆ:
ಇಷ್ಟು ಮೀಟರ್, ಇಷ್ಟು ಹೊತ್ತು, ಕೆಳಗೊಂದು ಸಹಿ.
ಸಹಿ ಕೂಡಿದರೆ ಒಳಗೆ. ಇಲ್ಲವೋ,
ಯಾರೇ ಆಗಲಿ, ಹೊಸ್ತಿಲಾಚೆಗೇ.

ಹೋದ ತಿಂಗಳು ಯಾರೋ ಎಲ್ಲಿಂದಲೋ
ತುಂಗೆಗೆ ಒಂಬತ್ತು ಮೀಟರ್ ಬರೆದು ಕಳಿಸಿದ್ದರು.
ಸೈರನ್ ಕೂಗಿ, ಕೋರ್ಪಲಯ್ಯನ ಛತ್ರದವರು
ಹಾಸಿಗೆ ಹೊತ್ತು ಓಡಿದ್ದರು;
ಹೊಳೆ ಮಂಟಪದ ಕಾಲನ್ನೂ ಮುಟ್ಟಿರಲಿಲ್ಲ.
ಆಮೇಲೆ ನಾನೇ ಹಾಕಿದ ಬೀಗ ಇದು.

ಈಗ ಮಂಡಗದ್ದೆಯಿಂದ ಒಂದು: ಏಳು ಮೀಟರ್, ಏರುತ್ತಿದೆ.
ಸಹಿ ಸರಿ. ಗಡಿಯಾರ ಮಾತ್ರ ಹನ್ನೊಂದು ನಿಮಿಷ ಹಿಂದೆ.
ಹಳೇ ಓಲೆಯನ್ನೇ ಯಾರೋ ಮತ್ತೆ ತಂದಿರಬಹುದೆಂದು
ನನ್ನ ನಿಯಮ ತಿರುಗಿಸಿ ಕಳಿಸಿತು.
ಮತ್ತೆ ತಟ್ಟಿತು. ಮತ್ತೆ ಇಲ್ಲ.

ಫೋನ್ ಹಚ್ಚಿದೆ. ಹೂವಣ್ಣ ಕೆಮ್ಮಿದ:
"ಬ್ಯಾಟರಿ ಸತ್ತು ಎದ್ದಿದೆ ಕಣಮ್ಮ, ಟೈಮು ಎಡವಿದೆ.
ಮೂರು ಮೆಟ್ಟಿಲು ಮುಳುಗಿವೆ, ಟಾರ್ಚ್ ಬಿಟ್ಟು ನೋಡಿ ಬಂದೆ."
ಹನ್ನೆರಡು ವರ್ಷ ಕೇಳಿದ ಕೆಮ್ಮು.
ಆದರೂ ಅಂದೆ: ಈ ವಾರದ ಗುಟ್ಟಿನ ಮಾತು?

ಸ್ವಲ್ಪ ಹೊತ್ತು ಬರೀ ನೀರಿನ ಸದ್ದು.
"ಹಲಸಿನ ಬೀಜ," ಅಂದ, ಬೇಜಾರಾದವನ ಹಾಗೆ.

ಸೈರನ್ ಒತ್ತಿದೆ.
ಛತ್ರದ ಕಡೆ ದೀಪಗಳು ಒಂದೊಂದಾಗಿ,
ಬಹಳ ತಡೆದು, ಹತ್ತಿದವು.